ಎಫೆಸಸ್‌ನಲ್ಲಿ ಒಂದು ಹಗಲು

“ಬಿದ್ದ ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ?” ಎಂದರು ನಮ್ಮ ಅತ್ತೆ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ತಂಗಿಯ ಗಂಡನಿಗೆ ಟರ್ಕಿ ದೇಶದ ಇಜ್ಮೀರ್ ನಗರದಲ್ಲಿ ಕೆಲಸ. “ಒಂದ್ಸಲ ಬಂದು ಹೋಗಕ್ಕಾ” ಎಂದು ಅವಳು ವರ್ಷದಿಂದ ಕರೆಯುತ್ತಿದ್ದಳು. ಆಗ ತಾನೇ ಪಿ.ಯು.ಸಿ. ಮುಗಿಸಿದ್ದ ಮಗಳನ್ನು ಕರೆದುಕೊಂಡು ಹೊರಟೆ. ಮನೆಯಲ್ಲಿ ಅದೇ ಹೊತ್ತಿಗೆ ಒಂದು ಮಾತು ಎದ್ದಿತ್ತು. ಒಳ್ಳೆಯ ಕಡೆಯಿಂದ ಸಂಬಂಧ ಬಂದಿದೆ, ಹುಡುಗಿಗೆ ಇನ್ನು ಓದು ಸಾಕಲ್ಲವೇ ಎಂದು. ನಾನು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಸೋದರಿಯರೇ, ಎಫೆಸಸ್ ಗ್ರೀಕರ ಊರು. ಅದು ಟರ್ಕಿಯಲ್ಲಿ ಹೇಗೆ ಎಂದು ಕೇಳುತ್ತೀರಾ? ಈಜಿಯನ್ ಸಮುದ್ರದ ಈಚೆಯ ದಡದಲ್ಲೂ ಸುಮಾರು 3,000 ವರ್ಷಗಳ ಹಿಂದೆಯೇ ಗ್ರೀಕರು ಬಂದು ನೆಲೆಸಿದ್ದರು. ಆಮೇಲೆ ರೋಮನ್ನರು ಆಳಿದರು. ಇಂದು ಅಲ್ಲಿ ನಿಂತಿರುವ ಕಟ್ಟಡಗಳಲ್ಲಿ ಹೆಚ್ಚಿನವು ರೋಮನ್ನರ ಕಾಲದವು. 2015ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ತಂಗಿ ಬೆಳಗ್ಗೆ ಬೇಗ ಎದ್ದು ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಳು. ಇಜ್ಮೀರಿನ ಬಸ್ಮನೆ ನಿಲ್ದಾಣದಿಂದ ರೈಲು. ಸುಮಾರು ಒಂದೂವರೆ ಗಂಟೆಯಲ್ಲಿ ಸೆಲ್ಚುಕ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿಂದ ಅವಶೇಷಗಳಿಗೆ ಮೂರೇ ಕಿಲೋಮೀಟರ್. ಅಲ್ಲಿಗೆ ಎರಡು ಬಾಗಿಲು. ಮೇಲಿನ ಬಾಗಿಲಿನಿಂದ ಒಳಗೆ ಹೋದರೆ ದಾರಿಯುದ್ದಕ್ಕೂ ಇಳಿಜಾರು. ನನ್ನಂತೆ ಮಂಡಿನೋವಿರುವವರು ಇದನ್ನು ಮರೆಯಬೇಡಿ! ಹಾಸಿರುವುದು ಅಮೃತಶಿಲೆ, ಸಾವಿರಾರು ವರ್ಷ ನಡೆದು ನಡೆದು ಎಣ್ಣೆ ಸವರಿದಂತೆ ನುಣುಪಾಗಿದೆ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿಕೊಳ್ಳಿ. ನೆರಳು ಬಹಳ ಕಡಿಮೆ. ಬೇಸಗೆಯಲ್ಲಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿಬಿಡಿ. ಟೋಪಿ, ನೀರಿನ ಬಾಟಲಿ ಜೊತೆಗಿರಲಿ.

ಇಳಿಯುತ್ತಾ ಹೋದರೆ ಎಡಗಡೆ ಗುಡ್ಡದ ಓರೆಯಲ್ಲಿ ಸಿರಿವಂತರ ಮನೆಗಳಿವೆ. ಇದಕ್ಕೆ ಬೇರೆ ಟಿಕೆಟ್ಟು. ದುಡ್ಡು ಉಳಿಸೋಣವೆಂದು ಬಿಟ್ಟುಬಿಡಬೇಡಿ, ನಮ್ಮಂಥವರು ನೋಡಲೇಬೇಕಾದದ್ದು ಇದೇ. ನಡುವೆ ತೊಟ್ಟಿ, ಸುತ್ತ ಕೋಣೆಗಳು. ತೊಟ್ಟಿ ಮನೆಯಲ್ಲಿ ಬೆಳೆದ ನನಗೆ ಯಾರದೋ ನೆಂಟರ ಮನೆಗೆ ಹೋದ ಹಾಗಾಯಿತು. ಗೋಡೆಯ ಮೇಲೆ ಚಿತ್ರ, ನೆಲದಲ್ಲಿ ಬಣ್ಣದ ಸಣ್ಣ ಕಲ್ಲುಗಳನ್ನು ಕೂಡಿಸಿದ ಚಿತ್ತಾರ. ನೀರು ತರಲು ಮಣ್ಣಿನ ಕೊಳವೆಗಳು. ಸ್ನಾನದ ಮನೆಯ ನೆಲದಡಿಯಲ್ಲಿ ಬಿಸಿಗಾಳಿ ಹಾಯಿಸುವ ಏರ್ಪಾಡು! ಹತ್ತಿರದಲ್ಲೇ ಊರಿನ ಸಾರ್ವಜನಿಕ ಶೌಚಾಲಯ. ಕಲ್ಲಿನ ಬೆಂಚಿನಲ್ಲಿ ಸಾಲಾಗಿ ತೂತುಗಳು, ನಡುವೆ ಮರೆಯೇ ಇಲ್ಲ. ಮಗಳು, ನಾನು ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ರಸ್ತೆಯ ಕೊನೆಗೆ ಗ್ರಂಥಾಲಯ. ಸೆಲ್ಸಸ್ ಎಂಬ ಅಧಿಕಾರಿಯ ನೆನಪಿಗೆ ಅವನ ಮಗ ಕ್ರಿ.ಶ. ಎರಡನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ್ದು. ತಂದೆಯ ಸಮಾಧಿಯೂ ಅದರ ಕೆಳಗೇ ಇದೆ. ಬೆಂಕಿ, ಭೂಕಂಪಗಳಿಗೆ ಸಿಕ್ಕಿ ಉರುಳಿದ್ದ ಮುಂಭಾಗವನ್ನು 1970ರ ದಶಕದಲ್ಲಿ ಆಸ್ಟ್ರಿಯಾದ ತಜ್ಞರು ಬಿದ್ದ ತುಂಡುಗಳನ್ನೇ ಹೊಂದಿಸಿ ಮತ್ತೆ ಎತ್ತಿ ನಿಲ್ಲಿಸಿದರು. ಅದರ ಗೂಡುಗಳಲ್ಲಿ ನಾಲ್ವರು ಹೆಂಗಸರು ನಿಂತಿದ್ದಾರೆ. ಸೋಫಿಯಾ ಎಂದರೆ ವಿವೇಕ, ಅರೆಟೆ ಎಂದರೆ ಸದ್ಗುಣ, ಎನ್ನೋಯಾ ಎಂದರೆ ಆಲೋಚನೆ, ಎಪಿಸ್ಟೆಮೆ ಎಂದರೆ ಜ್ಞಾನ. ಅಲ್ಲಿರುವುದು ಪ್ರತಿಗಳು, ಮೂಲ ವಿಗ್ರಹಗಳು ವಿಯೆನ್ನಾದಲ್ಲಿವೆ.

ಮೆಟ್ಟಿಲ ಮೇಲೆ ಕೂತು ಚಪಾತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದೆ. ನಮ್ಮಲ್ಲೂ ವಿದ್ಯೆಗೆ ಸರಸ್ವತಿಯ ರೂಪವೇ ತಾನೇ? ಪೂಜೆಗೆ ಹೆಣ್ಣು, ಓದಿಗೆ ಮಾತ್ರ ಬೇಡ! ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ದರ್ಜೆ. ರಿಸಲ್ಟ್ ಬಂದ ತಿಂಗಳಲ್ಲೇ ಮದುವೆ ಗೊತ್ತಾಗಿತ್ತು. ಮಗಳು ಪಕ್ಕದಲ್ಲಿ ಕೂತು ಕೇಳಿದಳು, “ಅಮ್ಮ, ಆಗ ನೀನು ಓದ್ತೀನಿ ಅಂತ ಕೇಳಲೇ ಇಲ್ವಾ?” “ಕೇಳಿದ್ದೆ” ಎಂದೆ. “ಒಂದೇ ಸಲ ಕೇಳಿದ್ದೆ.” ಅವಳು ಮತ್ತೇನೂ ಮಾತಾಡಲಿಲ್ಲ.

ಅಲ್ಲಿಂದ ಮುಂದೆ ಬೆಟ್ಟಕ್ಕೆ ಒರಗಿದಂತೆ ದೊಡ್ಡ ರಂಗಮಂದಿರ. ಸುಮಾರು 25,000 ಜನ ಕೂರಬಹುದಿತ್ತಂತೆ. ಅದರೆದುರಿನ ನೇರ ರಸ್ತೆ ಬಂದರಿಗೆ ಹೋಗುತ್ತಿತ್ತು. ಈಗ ಕೊನೆಯಲ್ಲಿ ನೀರಿಲ್ಲ, ಬರೀ ಜೊಂಡು, ಬಯಲು. ನದಿ ವರ್ಷ ವರ್ಷವೂ ಹೊತ್ತು ತಂದ ಮಣ್ಣು ಬಂದರನ್ನು ತುಂಬಿಬಿಟ್ಟಿತು. ಹೂಳು ತೆಗೆಸಿದರು, ಮತ್ತೆ ತುಂಬಿತು. ಸಮುದ್ರ 5-6 ಕಿಲೋಮೀಟರ್ ಹಿಂದೆ ಸರಿಯಿತು. ಹಡಗು ಬಾರದ ಮೇಲೆ ವ್ಯಾಪಾರವೆಲ್ಲಿ? ಜನ ಮೆಲ್ಲಗೆ ಊರು ಬಿಟ್ಟರು. ಒಂದೇ ದಿನದ ಪ್ರವಾಹವಲ್ಲ ನೋಡಿ, ದಿನಕ್ಕಿಷ್ಟು ಕೂತ ಹೂಳು. ಮನುಷ್ಯರ ಆಸೆಗಳೂ ಹೀಗೇ ಮುಚ್ಚಿಹೋಗುತ್ತವೆ ಎನಿಸಿತು.

ಮಧ್ಯಾಹ್ನ ಸೆಲ್ಚುಕ್‌ಗೆ ವಾಪಸು. ಹಸಿವಾದರೆ ‘ಗೊಜ್ಲೆಮೆ’ ಕೇಳಿ. ಹೆಂಗಸರು ಉದ್ದನೆಯ ಸಪೂರ ಲಟ್ಟಣಿಗೆಯಲ್ಲಿ ಹಿಟ್ಟನ್ನು ಬಟ್ಟೆಯಷ್ಟು ತೆಳ್ಳಗೆ ಲಟ್ಟಿಸಿ, ಒಳಗೆ ಪಾಲಕ್ ಸೊಪ್ಪು ಇಲ್ಲವೇ ಚೀಸ್ ಇಟ್ಟು ಮಡಿಸಿ ದೊಡ್ಡ ಕಾವಲಿಯ ಮೇಲೆ ಬೇಯಿಸುತ್ತಾರೆ. ಮಾಂಸ ತುಂಬಿದ್ದೂ ಇರುತ್ತದೆ, ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ. ಆಮೇಲೆ ಮ್ಯೂಸಿಯಂನಲ್ಲಿ ಆರ್ಟೆಮಿಸ್ ದೇವಿಯ ವಿಗ್ರಹಗಳನ್ನು ನೋಡಿ. ಅವಳ ದೇವಾಲಯ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ಕ್ರಿ.ಪೂ. 356ರಲ್ಲಿ ಬೆಂಕಿಗೆ ಆಹುತಿಯಾದಾಗ ಊರಿನವರು ಮತ್ತೆ ಕಟ್ಟಿದ್ದರು. ಈಗ ಊರಿನ ಅಂಚಿನಲ್ಲಿ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂಟಿ ಕಂಬ, ಅದರ ತುದಿಯಲ್ಲಿ ಕೊಕ್ಕರೆ ಗೂಡು. ಸಂಜೆಯ ರೈಲಿಗೆ ಹೊರಟರೆ ಅಡುಗೆಯ ಹೊತ್ತಿಗೆ ಇಜ್ಮೀರ್.

ಊರಿಗೆ ಬಂದ ಮೇಲೆ ಅತ್ತೆ ಕೇಳಿದರು, “ಅಂತೂ ಏನೇ ನೋಡ್ದೆ?” ಕಾಫಿ ಕೊಡುತ್ತಾ ನಾಲ್ವರು ಹೆಂಗಸರ ವಿಷಯ ಹೇಳಿದೆ. ಅದೇ ರಾತ್ರಿ ನಮ್ಮ ಯಜಮಾನರ ಹತ್ತಿರ, ಮಗಳನ್ನು ಕಾಲೇಜಿಗೆ ಸೇರಿಸಬೇಕು ಎಂದೆ. ಮಾರನೆಯ ದಿನವೂ ಎಂದೆ. ಅದರ ಮಾರನೆಯ ದಿನವೂ ಬಿಡಲಿಲ್ಲ. ಸಂಬಂಧದವರಿಗೆ ಮೂರು ವರ್ಷ ತಡೆಯಿರಿ ಎಂದೆವು. ಅವರು ತಡೆಯಲಿಲ್ಲ, ಬೇರೆ ಕಡೆ ಗೊತ್ತು ಮಾಡಿಕೊಂಡರು. ಅತ್ತೆಗೆ ಇನ್ನೂ ಒಳಗೊಳಗೇ ಬೇಸರವಿದೆ. ಆದರೂ ಮಗಳು ಬೆಳಗ್ಗೆ ಕಾಲೇಜಿಗೆ ಹೊರಡುವಾಗ ಅವಳ ಡಬ್ಬಿಗೆ ತುಪ್ಪ ಸವರಿದ ಚಪಾತಿ ಹಾಕಿಡುವುದು ಅವರೇ.