ನರಪರೀಕ್ಷೆ 'ನಾರ್ಮಲ್' ಬಂದರೆ?

ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಆದರೆ ಎನ್‌ಸಿವಿ ರಿಪೋರ್ಟ್ ನಾರ್ಮಲ್! 'ಎಲ್ಲ ನಿಮ್ಮ ಭ್ರಮೆ' ಎನ್ನುತ್ತಾರೆ ಮನೆಯವರು. ಇದು ಅವಸರದ ತೀರ್ಮಾನ.

ಈ ಪರೀಕ್ಷೆಯಲ್ಲಿ ಚರ್ಮದ ಮೇಲಿನಿಂದ ನರಕ್ಕೆ ಅಲ್ಪ ವಿದ್ಯುತ್ ಹಾಯಿಸಿ, ಸಂಕೇತದ ವೇಗ ಮತ್ತು ಬಲವನ್ನು ಅಳೆಯುತ್ತಾರೆ. ಸಾಮಾನ್ಯವಾಗಿ ವೇಗ ಸೆಕೆಂಡಿಗೆ ಕೈಯಲ್ಲಿ ಸುಮಾರು 50 ಮೀಟರ್, ಕಾಲಿನಲ್ಲಿ 40 ಮೀಟರ್ ಅಥವಾ ಅದಕ್ಕಿಂತ ಹೆಚ್ಚು. ವೇಗ ಬಹಳ ಕುಗ್ಗಿದ್ದರೆ ನರದ ಹೊದಿಕೆಗೆ, ಬಲ ಕುಗ್ಗಿದ್ದರೆ ನರದ ಎಳೆಗೇ ಹಾನಿಯಾಗಿರುವ ಸಂಭವ ಹೆಚ್ಚು. ಕೈಕಾಲು ತಣ್ಣಗಿದ್ದರೂ ವೇಗ ಇಳಿಯುತ್ತದೆ.

ಆದರೆ ಇಲ್ಲಿ ಅಳೆಯುವುದು ದಪ್ಪ ಎಳೆಗಳನ್ನು ಮಾತ್ರ. ಉರಿ, ನೋವು, ಬಿಸಿ ತಿಳಿಸುವ ಸಣ್ಣ ಎಳೆಗಳ ತೊಂದರೆ ಇದರಲ್ಲಿ ಕಾಣದು. ಸಕ್ಕರೆ ಕಾಯಿಲೆಯವರಲ್ಲಿ ಅನೇಕರಿಗೆ ಮೊದಲು ಕೆಡುವುದು ಇವೇ.

ಆದ್ದರಿಂದ ರಿಪೋರ್ಟ್ ಹಿಡಿದು ಮತ್ತೆ ನರರೋಗ ತಜ್ಞರನ್ನು ಕಾಣಿರಿ. ರಕ್ತದಲ್ಲಿ ಸಕ್ಕರೆ, ಬಿ12, ಥೈರಾಯ್ಡ್ ಪರೀಕ್ಷಿಸಿಕೊಳ್ಳಿ. ಅಗತ್ಯವೆನಿಸಿದರೆ ಅವರು ಚರ್ಮದ ಬಯಾಪ್ಸಿ ಮಾಡಿಸಲು ಹೇಳಬಹುದು. ಯುನಾನಿ ಔಷಧಿ ಸೇವಿಸುತ್ತಿದ್ದರೆ ಅದನ್ನೂ ಮರೆಮಾಚದೆ ತಿಳಿಸಿ.

ವುಝೂ ಮಾಡುವಾಗ ದಿನವೂ ಅಂಗಾಲು ನೋಡಿಕೊಳ್ಳಿ. ಮರಗಟ್ಟಿದ ಪಾದದಲ್ಲಿ ಗಾಯ ನೋವಿಲ್ಲದೆಯೇ ಬೆಳೆಯುತ್ತದೆ. ಕೈಕಾಲಿನ ಬಲ ದಿಢೀರನೆ ಕುಗ್ಗಿದರೆ ಮಾತ್ರ ಯಾವ ರಿಪೋರ್ಟಿಗೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.