ಸಾಷ್ಟಿಯ ಗುಹೆಗಳಲ್ಲಿದ್ದ ತೇಗ

1911ರ ಬ್ರಿಟಾನಿಕಾ ವಿಶ್ವಕೋಶದಲ್ಲಿ ತೇಗದ ದೀರ್ಘಾಯುಷ್ಯವನ್ನು ವರ್ಣಿಸುವ ಸ್ಥಳದಲ್ಲಿ, ಸಾಷ್ಟಿ ದ್ವೀಪದ ಗುಹಾಲಯಗಳಲ್ಲಿ ಎರಡು ಸಹಸ್ರ ವರ್ಷಗಳಿಗೂ ಮಿಕ್ಕಿ ಹಳೆಯದಾದ ತೇಗದ ತುಂಡುಗಳು ಕೆಡದೆ ದೊರೆತುವೆಂಬ ಮಾತು ಬರುತ್ತದೆ. ಆ ಸಾಷ್ಟಿಯೇ ಇಂದು ಬಾಂದ್ರಾದಿಂದ ಬೋರಿವಲಿಯಾಚೆಗೂ ಹಬ್ಬಿರುವ ನಮ್ಮ ಮುಂಬಯಿಯ ಉಪನಗರ.

ಬೋರಿವಲಿಯ ಕಾಡಿನೊಳಗೆ, ಕಾನ್ಹೇರಿಯ ಮೂರನೆಯ ಗುಹೆಯಾದ ಚೈತ್ಯಗೃಹದಲ್ಲಿ ನಿಂತು ತಲೆಯೆತ್ತಿದರೆ, ಕಮಾನಿನಾಕಾರದ ಛಾವಣಿಗೆ ಒಮ್ಮೆ ತೊಡಿಸಿದ್ದ ಮರದ ಪಕ್ಕೆಗಳ ಗುಳಿಗಳಷ್ಟೇ ಕಾಣುತ್ತವೆ. ಅದೇ ಬಗೆಯ ಪಕ್ಕೆಗಳು ಕಾರ್ಲಾದ ಚೈತ್ಯದಲ್ಲಿ ಇಂದಿಗೂ ಇವೆ. ಬಂಡೆಯನ್ನೇ ಕೊರೆದ ಛಾವಣಿಗೆ ಮರದ ಆಧಾರವೇಕೆ? ಅಗತ್ಯವೇನೂ ಇರಲಿಲ್ಲ, ತಮ್ಮ ಪೂರ್ವಿಕರು ಮರದಲ್ಲಿ ಕಟ್ಟಿದ ದೇಗುಲದ ರೂಪವನ್ನು ಬಿಡಲೊಲ್ಲದ ಶ್ರದ್ಧೆ ಅದನ್ನು ಮಾಡಿಸಿತು. ಕಾನ್ಹೇರಿಯ ಚೈತ್ಯದ ಶಾಸನವು ಅದನ್ನು ಮಾಡಿಸಿದ ವರ್ತಕ ಸಹೋದರರನ್ನೂ, ಕಲ್ಲುಕುಟಿಗರನ್ನೂ, ನಯಗೊಳಿಸಿದವರನ್ನೂ ಸ್ಮರಿಸಿದೆ. ಮರ ಮಾತ್ರ ಮಾಯವಾಗಿದೆ. ಇದು ನನಗೆ ಸಹಿಸಲಾಗದ ನಷ್ಟ, ಏಕೆಂದರೆ ಉಗುರಿನಷ್ಟು ಚೂರು ಉಳಿದಿದ್ದರೂ ಅದರ ಕುಲವನ್ನು ಹೇಳಿಸಬಹುದಿತ್ತು.

ಚೂರನ್ನು ನೀರಿನಲ್ಲಿ ಕುದಿಸಿ ಮೆದುವಾಗಿಸಿ, ಮೈಕ್ರೋಟೋಮಿನ ಅಲಗಿನಿಂದ ಹದಿನೈದಿಪ್ಪತ್ತು ಮೈಕ್ರಾನಿನ ಪೊರೆಗಳನ್ನು ಅಡ್ಡವಾಗಿ, ತ್ರಿಜ್ಯದ ನೇರದಲ್ಲಿ ಮತ್ತು ಸ್ಪರ್ಶರೇಖೆಯ ನೇರದಲ್ಲಿ, ಹೀಗೆ ಮೂರು ಮುಖಗಳಿಂದ ಹೆರೆದು, ಸಫ್ರಾನಿನ್ ಬಣ್ಣವೂಡಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ತೇಗವಾದರೆ ಪ್ರತಿ ವಾರ್ಷಿಕ ವಲಯದ ಆರಂಭದಲ್ಲಿ ದೊಡ್ಡ ರಂಧ್ರಗಳು ಸಾಲುಗಟ್ಟಿ ನಿಂತು, ಮುಂದೆ ಸಾಗಿದಂತೆ ಕಿರಿದಾಗುತ್ತವೆ; ಕೆಲವು ರಂಧ್ರಗಳೊಳಗೆ ಟೈಲೋಸುಗಳು ಗುಳ್ಳೆಗಳಂತೆ ಉಬ್ಬಿರುತ್ತವೆ. ಬೀಟೆಯಲ್ಲಿ ಈ ವಲಯದ ಸಾಲಿಲ್ಲ, ಬದಲಿಗೆ ಸ್ಪರ್ಶಮುಖದಲ್ಲಿ ಕಿರಣಗಳೆಂಬ ಕೋಶಪಟ್ಟಿಗಳು ಅಂತಸ್ತು ಅಂತಸ್ತಾಗಿ ಜೋಡಿಸಿಟ್ಟಂತಿರುತ್ತವೆ. ಶ್ರೀಗಂಧದ ರಂಧ್ರಗಳಾದರೋ ಅತಿಸೂಕ್ಷ್ಮವಾಗಿ, ಒಂಟಿಯಾಗಿ, ಎಲ್ಲೆಡೆ ಚದುರಿರುತ್ತವೆ.

ಅದೇ ವಿಶ್ವಕೋಶವು ನಮ್ಮ ಹಂಪೆಯನ್ನೂ ಹೆಸರಿಸಿದೆ: ಅಲ್ಲಿಯ ಅತಿಪ್ರಾಚೀನ ಕಟ್ಟಡವೊಂದರಲ್ಲಿ ಮೇಲ್ಭಾಗವನ್ನು ಹೊತ್ತಿದ್ದ ಒಂದೂವರೆ ಅಂಗುಲ ದಪ್ಪದ ಹಲಗೆಗಳನ್ನು 1881ರಲ್ಲಿ ಪರೀಕ್ಷಿಸಲಾಗಿ, ತೇಗದ ವಿಶಿಷ್ಟ ರಚನೆಯು ಸ್ಫುಟವಾಗಿ ಕಂಡಿತಂತೆ. ಮುಂದೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಕೆ. ಎ. ಚೌಧುರಿಯವರು ಘೋಷರೊಡಗೂಡಿ ಹರಪ್ಪದ ಶವಪೆಟ್ಟಿಗೆಯ ಕೊಳೆತ ಶೇಷದಲ್ಲಿ ಬೀಟೆಯನ್ನೂ ದೇವದಾರುವನ್ನೂ ಗುರುತಿಸಿ 1951ರಲ್ಲಿ ಪ್ರಕಟಿಸಿದರು. ದೇವದಾರು ಹಿಮಾಲಯದ ಮರವಾದುದರಿಂದ, ಆ ಗುರುತಿನೊಡನೆ ಒಂದು ವಾಣಿಜ್ಯಮಾರ್ಗವೇ ಬೆಳಕಿಗೆ ಬಂದಿತು. ತೇಗದ ವಿಷಯದಲ್ಲಿ ಅಷ್ಟು ಸೌಲಭ್ಯವಿಲ್ಲ. ಅದು ಠಾಣೆಯ ಬೆಟ್ಟದ್ದೋ ಉತ್ತರ ಕನ್ನಡ ಜಿಲ್ಲೆಯ ಘಟ್ಟದ್ದೋ ಎಂಬುದನ್ನು ಕೋಶರಚನೆಯೊಂದೇ ಹೇಳಲಾರದು.

ಗೋರೆಗಾಂವಿನ ಆರ್ಚ್‌ಡಯೋಸಿಸನ್ ಹೆರಿಟೇಜ್ ಮ್ಯೂಸಿಯಮ್ಮಿನಲ್ಲಿ ಇದೇ ಸಾಷ್ಟಿಯ ಹಳೆಯ ಇಗರ್ಜಿಗಳ ದಾರುಶಿಲ್ಪಗಳಿವೆ. ಬಣ್ಣ ಮುಚ್ಚಿದ ಸಂತರ ಮೈಮೇಲೆ ಮರದ ಎಳೆ ಕಣ್ಣಿಗೆ ಗೋಚರಿಸದು. ಆದರೆ ಪೀಠದ ತಳದಲ್ಲಿ, ಯಾರಿಗೂ ಕಾಣದೆಡೆ, ಕಡ್ಡಿಯಷ್ಟು ತೆಗೆದರೆ ಮೂರು ಪೊರೆಗಳಿಗೆ ಸಾಕು. ಕಾನ್ಹೇರಿಯಲ್ಲಿ ತಪ್ಪಿಹೋದ ಕೆಲಸವನ್ನು ಇಲ್ಲಿ ಇನ್ನೂ ಮಾಡಬಹುದು.