ಸೌನಾ ಆಮಂತ್ರಣ: ಫಿನ್ಲೆಂಡಿಗೆ ತೆರಳುವ ಉದ್ಯಮಿಗಳು ಅರಿತಿರಬೇಕಾದ ಸಂಗತಿಗಳು

ಫಿನ್ಲೆಂಡಿನೊಡನೆ ವ್ಯವಹಾರ ಸಂಬಂಧ ಬೆಳೆಸಲು ಹೊರಟ ಉದ್ಯಮಿಗೆ ಅಲ್ಲಿನ ಆತಿಥೇಯರಿಂದ ಬರಬಹುದಾದ ಆಮಂತ್ರಣಗಳಲ್ಲಿ ಅತ್ಯಂತ ಅನಿರೀಕ್ಷಿತವಾದುದು ಸ್ನಾನದ ಕರೆ. ದಿನವಿಡೀ ದರ, ಸರಬರಾಜು, ಪಾವತಿಯ ಷರತ್ತುಗಳನ್ನು ಚರ್ಚಿಸಿದ ಮೇಲೆ, ಸಂಜೆ ಎಲ್ಲರೂ ಕೂಡಿ ಸೌನಾಕ್ಕೆ ಹೋಗೋಣವೆಂದು ಅವರು ಕರೆಯುವುದುಂಟು. ಹೊಸದಾಗಿ ಪರಿಚಯವಾದವರೊಡನೆ ವಿವಸ್ತ್ರರಾಗಿ ಬಿಸಿ ಕೋಣೆಯಲ್ಲಿ ಕುಳಿತುಕೊಳ್ಳುವ ಕಲ್ಪನೆಯೇ ನಮ್ಮವರಿಗೆ ಮುಜುಗರ ತರುವಂಥದು. ಏನಾದರೊಂದು ನೆಪ ಹೇಳಿ ಹೋಟೆಲಿನ ಕೋಣೆ ಸೇರುವವರಿಗೆ, ಆ ಕರೆಯು ಆತಿಥೇಯರ ವಿಶ್ವಾಸದ ಕುರುಹೆಂಬುದು ತಿಳಿದಿರುವುದಿಲ್ಲ.

ಸೌನಾದ ಸ್ಥಾನಮಾನ

ಸುಮಾರು 56 ಲಕ್ಷ ಜನಸಂಖ್ಯೆಯ ಈ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆಯೆಂದು ಅಂದಾಜಿಸಲಾಗಿದೆ. ಮನೆ, ವಸತಿ ಸಮುಚ್ಚಯ, ಕಂಪನಿಯ ಕಚೇರಿ, ಅಷ್ಟೇಕೆ, ಸಂಸತ್ ಭವನದಲ್ಲಿಯೂ ಸೌನಾ ಇದೆ. ಹಿಂದಿನ ಕಾಲದಲ್ಲಿ ಹಳ್ಳಿಗಾಡಿನ ಹೆರಿಗೆಗಳು ನಡೆಯುತ್ತಿದ್ದುದೂ, ಮೃತರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದುದೂ ಅಲ್ಲಿಯೇ. ಆದ್ದರಿಂದ ದೇವಾಲಯದೊಳಗಿನ ನಡವಳಿಕೆಯನ್ನೇ ಸೌನಾದಲ್ಲಿಯೂ ಅಪೇಕ್ಷಿಸುವುದು ಅಲ್ಲಿನ ಸಂಪ್ರದಾಯ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ರಾಜತಾಂತ್ರಿಕತೆಯಲ್ಲಿಯೂ ಸೌನಾಕ್ಕೆ ಪಾತ್ರವಿದೆ. 1960ರಲ್ಲಿ ತಮ್ಮ ಅರವತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಅಧ್ಯಕ್ಷ ಉರ್ಹೊ ಕೆಕ್ಕೊನೆನ್ ಅವರು ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಅವರನ್ನು ತಮ್ಮ ಅಧಿಕೃತ ನಿವಾಸದ ಸೌನಾಕ್ಕೆ ಕರೆದೊಯ್ದುದು ಪ್ರಸಿದ್ಧ ಸಂಗತಿ. ಬಟ್ಟೆಯೊಡನೆ ಹುದ್ದೆ, ಅಂತಸ್ತುಗಳನ್ನೂ ಹೊರಗೆ ಕಳಚಿಡಬೇಕೆಂಬುದು ಈ ಪದ್ಧತಿಯ ತಿರುಳು.

ಪೂರ್ವಸಿದ್ಧತೆ

ಸೌನಾವೆಂದರೆ ಮರದ ಹಲಗೆಗಳಿಂದ ನಿರ್ಮಿಸಿದ ಕೋಣೆ. ಅದರೊಳಗಿನ ಒಲೆಗೆ ‘ಕಿಯುವಾಸ್’ ಎಂದು ಹೆಸರು. ಒಲೆಯ ಮೇಲೆ ಕಲ್ಲುಗಳ ರಾಶಿ ಇರುತ್ತದೆ. ಕಾದ ಕಲ್ಲುಗಳ ಮೇಲೆ ನೀರೆರೆದಾಗ ಏಳುವ ಹಬೆಯೇ ‘ಲೋಯ್ಲು’. ಕೋಣೆಯ ಉಷ್ಣಾಂಶ ಸಾಮಾನ್ಯವಾಗಿ 80ರಿಂದ 100 ಡಿಗ್ರಿ ಸೆಲ್ಸಿಯಸ್. ಗಾಳಿಯಲ್ಲಿ ತೇವಾಂಶ ಕಡಿಮೆಯಿರುವುದರಿಂದ ಮೈ ಈ ತಾಪವನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ.

ಹೊಟ್ಟೆ ತುಂಬ ಉಂಡು ಹೋಗಬಾರದು. ತೀರ ಹಸಿದಿರುವುದೂ ಸಲ್ಲದು. ಮೊದಲೇ ಸಾಕಷ್ಟು ನೀರು ಕುಡಿದಿರಬೇಕು. ಕೈಗಡಿಯಾರ, ಉಂಗುರ, ಕೊರಳ ಸರಗಳನ್ನು ತೆಗೆದಿಡುವುದು ಕಡ್ಡಾಯವೆಂದೇ ತಿಳಿಯಬೇಕು. ನಮ್ಮವರು ಧರಿಸುವ ಬೆಳ್ಳಿಯ ಉಡುದಾರವನ್ನೂ ಮರೆಯಬಾರದು. ಕಾದ ಲೋಹ ಚರ್ಮವನ್ನು ಸುಡುತ್ತದೆ.

ಉಡುಪಿನ ಬಗೆಗೆ ಹೇಳುವುದಾದರೆ, ಸ್ತ್ರೀಪುರುಷರಿಗೆ ಪ್ರತ್ಯೇಕ ಕೋಣೆ ಅಥವಾ ಪ್ರತ್ಯೇಕ ಸರದಿ ಇರುವುದು ರೂಢಿ. ಅಲ್ಲಿ ನಗ್ನತೆ ಸಹಜ. ಹೆಲ್ಸಿಂಕಿಯಲ್ಲಿ 2016ರಲ್ಲಿ ಆರಂಭವಾದ ‘ಲೋಯ್ಲು’ ಹೆಸರಿನ ಸಾರ್ವಜನಿಕ ಸೌನಾದಂತಹ ಕಡೆ ಎಲ್ಲರೂ ಒಟ್ಟಿಗೆ ಕೂರುವುದರಿಂದ ಈಜುಡುಗೆ ಅಗತ್ಯ. ಸಂಕೋಚವಿರುವವರು ಟವೆಲ್ ಸುತ್ತಿಕೊಳ್ಳುವುದಾಗಿ ಆತಿಥೇಯರಿಗೆ ಮುಂಚಿತವಾಗಿ ತಿಳಿಸಿದರೆ ಯಾರೂ ತಪ್ಪೆಣಿಸುವುದಿಲ್ಲ.

ಒಳಗಿನ ಕ್ರಮ

ಮೊದಲು ಷವರಿನಡಿ ಮೈ ತೊಳೆದುಕೊಳ್ಳಬೇಕು. ಹಲಗೆಯ ಮೇಲೆ ಸಣ್ಣ ಟವೆಲ್ ಹಾಸಿ ಕೂರಬೇಕು. ಬಿಸಿ ಮೇಲಕ್ಕೇರುವುದರಿಂದ ಹೊಸಬರಿಗೆ ಕೆಳಗಿನ ಹಲಗೆಯೇ ಲೇಸು. ಮೊದಲ ಬಾರಿಗೆ ಐದರಿಂದ ಹತ್ತು ನಿಮಿಷ ಸಾಕು. ಎದ್ದು ಹೊರಬರುವುದು ಸೋಲಲ್ಲ. ಹೊರಗೆ ತಂಪಾಗಿ, ಮತ್ತೆ ಒಳಹೊಕ್ಕು, ಎರಡು ಮೂರು ಸುತ್ತು ಮುಗಿಸುವುದೇ ಕ್ರಮ. ನೀರೆರೆಯುವ ಮುನ್ನ ಉಳಿದವರನ್ನು ಕೇಳುವುದು ಸೌಜನ್ಯ. ಬರ್ಚ್ ಮರದ ಎಳೆಯ ಕೊಂಬೆಗಳ ಕಟ್ಟನ್ನು ಕೊಟ್ಟರೆ ಗಾಬರಿಪಡಬೇಕಿಲ್ಲ. ಅದರಿಂದ ಮೈಯನ್ನು ಮೆಲ್ಲನೆ ಬಡಿದುಕೊಂಡರೆ ರಕ್ತಸಂಚಾರ ಚುರುಕಾಗಿ, ಎಲೆಗಳ ಕಂಪು ಕೋಣೆಯನ್ನು ತುಂಬುತ್ತದೆ. ಹಂಡೆ ಒಲೆಯ ಮುಂದೆ ಎಣ್ಣೆ ಹಚ್ಚಿಕೊಂಡು ಕುಳಿತ ಅನುಭವವುಳ್ಳವರಿಗೆ ಈ ಸುಖ ತೀರ ಅಪರಿಚಿತವೆನಿಸದು. ಚಳಿಗಾಲದಲ್ಲಿ ಕೆಲವರು ಹೆಪ್ಪುಗಟ್ಟಿದ ಸರೋವರದಲ್ಲಿ ಕೊರೆದ ಹೊಂಡಕ್ಕೆ ಇಳಿಯುತ್ತಾರೆ. ಅತಿಥಿಗಳಿಗೆ ಅದು ಕಡ್ಡಾಯವಲ್ಲ.

ಎಚ್ಚರಿಕೆಗಳು

ಬಿಸಿಯಲ್ಲಿ ನಾಡಿಬಡಿತ ಏರುತ್ತದೆ; ಎದ್ದು ನಿಂತಾಗ ರಕ್ತದೊತ್ತಡ ತಟ್ಟನೆ ಇಳಿಯಬಹುದು. ಇತ್ತೀಚೆಗೆ ಹೃದಯಾಘಾತಕ್ಕೆ ಒಳಗಾದವರು, ಎದೆನೋವು ಹತೋಟಿಗೆ ಬಾರದವರು ಸೌನಾದಿಂದ ದೂರವಿರಬೇಕು. ರಕ್ತದೊತ್ತಡಕ್ಕೆ ಗುಳಿಗೆ ಸೇವಿಸುವವರು ಪ್ರಯಾಣಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಮದ್ಯಪಾನ ಮಾಡಿ ಒಳಹೋಗುವುದು ಅಪಾಯಕರ. ಹೆಚ್ಚು ಹೊತ್ತು ಕೂರುವ ಪೈಪೋಟಿ ಬೇಡವೇ ಬೇಡ. ಹೈನೊಲಾ ನಗರದ ವಿಶ್ವ ಸೌನಾ ಸ್ಪರ್ಧೆಯಲ್ಲಿ 2010ರಲ್ಲಿ ಸ್ಪರ್ಧಿಯೊಬ್ಬರು ಮೃತಪಟ್ಟ ಬಳಿಕ ಆ ಸ್ಪರ್ಧೆಯನ್ನೇ ನಿಲ್ಲಿಸಲಾಯಿತು. ಸ್ನಾನಾನಂತರ ಸಾಸೇಜು, ಬಿಯರು ನೀಡುವುದು ಅಲ್ಲಿನ ವಾಡಿಕೆ; ಸಸ್ಯಾಹಾರಿಗಳು ಮೊದಲೇ ತಿಳಿಸಿಬಿಡುವುದು ಉಭಯರಿಗೂ ಅನುಕೂಲ.

ವ್ಯವಹಾರದ ಮಾತು

ಸೌನಾದೊಳಗೆ ಬೆಲೆಯ ಚೌಕಾಸಿ ತರವಲ್ಲ. ಮೌನವೂ ಅಲ್ಲಿ ಒಂದು ಬಗೆಯ ಸಂಭಾಷಣೆಯೇ. ಹೊರಬಂದು ತಂಪಾಗುವಾಗ ನಡೆಯುವ ನಿರಾಳ ಮಾತುಕತೆಯಲ್ಲಿ ಸಂದೇಹಗಳು ಬಗೆಹರಿಯುವುದುಂಟು. ಆದರೆ ಪ್ರತ್ಯೇಕ ಸರದಿಯ ಕಾರಣ ನಿಯೋಗದ ಮಹಿಳಾ ಸದಸ್ಯರು ಅಲ್ಲಿ ಇರುವುದಿಲ್ಲವೆಂಬುದನ್ನು ನೆನಪಿಡಬೇಕು. ತೀರ್ಮಾನಗಳೇನಿದ್ದರೂ ಮರುದಿನ ಎಲ್ಲರ ಸಮಕ್ಷಮ ಮೇಜಿನ ಮುಂದೆ, ಲಿಖಿತ ರೂಪದಲ್ಲಿ ಆಗುವುದು ಕ್ಷೇಮ.

ಒಟ್ಟಿಗೆ ಬೆವರಿದ ಒಂದು ಗಂಟೆಯ ಫಲ ಆ ವರ್ಷದ ಜಮಾಖರ್ಚಿನಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ಸರಕು ತಡವಾದಾಗ, ಪಾವತಿ ವಿಳಂಬವಾದಾಗ, ಪತ್ರ ಬರೆಯುವ ಮುನ್ನ ದೂರವಾಣಿ ಎತ್ತಿಕೊಳ್ಳುವ ಸಲುಗೆಯ ರೂಪದಲ್ಲಿ ಅದು ಮುಂದೊಂದು ದಿನ ಕೈಗೆ ಬರುತ್ತದೆ. ಗುಡ್‌ವಿಲ್ ಎಂದು ಲೆಕ್ಕಪತ್ರಗಳು ಕರೆಯುವ ಆಸ್ತಿ ಕೂಡಿಬರುವುದು ಬಹುಮಟ್ಟಿಗೆ ಇಂತಹ ಸಂಜೆಗಳಿಂದಲೇ.